ಮಂಗನ ಕೈಯಲ್ಲಿ ಬಸವನಹುಳು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಮಗಳು ಪಲ್ಲವಿ 'ನಮ್ಮೂರಿನ ಎರಡು ಜೀವಿಗಳ ಹೋಲಿಕೆ' ಎಂಬ ಚಾರ್ಟ್ ಮಾಡಬೇಕಿತ್ತು. ಹೋದ ವರ್ಷ ನಾನು ಬರೆದುಕೊಟ್ಟ ಚಾರ್ಟಿಗೆ ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ. ಆ ಕಳಂಕ ತೊಳೆಯಲೇಬೇಕಿತ್ತು. ಹಂಪಿಯ ಮಂಗ ಮತ್ತು ಕಾಲುವೆಯ ಬಸವನಹುಳು ಎಂದು ನಾನೇ ಘೋಷಿಸಿಬಿಟ್ಟೆ.

ನಾವಿರುವ ಡ್ಯಾಂ ಕ್ವಾರ್ಟರ್ಸ್ ಹಿಂದಿನ ಕಾಲುವೆಯಲ್ಲಿ ದಪ್ಪನೆಯ ಹುಳುವೊಂದನ್ನು ಹಿಡಿದು, ನೀರಿನ ಸಮೇತ ನನ್ನ ಊಟದ ಡಬ್ಬಿಗೆ ಹಾಕಿದೆ. ಎರಡನ್ನೂ ಎದುರುಬದುರು ಇಟ್ಟು ನೋಡದೆ ಹೋಲಿಕೆ ಹೇಗೆ?

"ರೀ, ಹಂಪಿಗೆ ಡಬ್ಬಿ ಹಿಡ್ಕಂಡು ಹೋಗಬ್ಯಾಡ್ರಿ, ಮಂಗ್ಯಾ ಕಸ್ಗಂತಾವ," ಎಂದಳು ಹೆಂಡತಿ ಗಿರಿಜಾ.

"ನಾ ಏನ್ ಟೂರಿಸ್ಟಾ? ಹುಟ್ಟಿದಾಗಿಂದ ನೋಡಾಕತ್ತೀನಿ."

ಪಲ್ಲವಿಯನ್ನು ಕರೆದುಕೊಂಡು ಹಂಪಿಯಲ್ಲಿ ಬಸ್ ಇಳಿದವನೇ ಇಬ್ಬರು ಪ್ರವಾಸಿಗರಿಗೆ, ತಿಂಡಿಯ ಡಬ್ಬಿ ಹೊರಗೆ ತೋರಿಸಬಾರದು ಎಂದು ಬುದ್ಧಿ ಹೇಳತೊಡಗಿದೆ. ಡಬ್ಬಿ ನನ್ನ ಕೈಯಲ್ಲೇ ಇತ್ತು. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ. ಮಾತು ಮುಗಿಯುವಷ್ಟರಲ್ಲಿ ಕೈ ಖಾಲಿ!

ಮಂಟಪದ ಮೇಲೆ ಕೂತ ಮಂಗ, ನಾನು ದಿನಾ ಆಫೀಸಿನಲ್ಲಿ ಗುದ್ದಾಡುವ ಆ ಡಬ್ಬಿಯ ಕ್ಲಿಪ್ಪನ್ನು ಕ್ಷಣದಲ್ಲಿ ತೆಗೆಯಿತು.

"ಬರ್ಕೊ ಪಲ್ಲವಿ, ಕೈ ಭಾಳ ಚುರುಕು," ಎಂದೆ. ಮಾನ ಹೋದರೂ ವಿಜ್ಞಾನ ಉಳಿಯಬೇಕಲ್ಲ.

"ಅಪ್ಪಾ, ನನ್ನ ಹುಳ ತಿಂದಬಿಡ್ತೈತಿ." ಅವಳ ಕಣ್ಣು ತುಂಬಿತ್ತು.

ಆದರೆ ಹುಳು ಸದ್ದಿಲ್ಲದೆ ಒಳಗೆ ಸರಿದು ಚಿಪ್ಪಿನ ಬಾಗಿಲು ಹಾಕಿಕೊಂಡಿತ್ತು. ಮಂಗ ಮೂಸಿತು, ಉಗುರು ಹಾಕಿತು, ಕಚ್ಚಿತು, ಕಲ್ಲಿಗೆ ಉಜ್ಜಿತು. ಬಾಗಿಲು ತೆರೆಯಲಿಲ್ಲ. ಕೊನೆಗೆ ಬೇಸತ್ತು ಕೆಳಗೆ ಎಸೆಯಿತು. ಪಲ್ಲವಿ ತನ್ನ ಟೊಪ್ಪಿಗೆಯಲ್ಲಿ ಹಿಡಿದಳು.

"ನೋಡವ್ವಾ, ಗೆದ್ದಬಿಡ್ತು ನಮ್ಮ ಹುಳ!" ಎಂದು ಎರಡೂ ಕೈ ಎತ್ತಿ ಕುಣಿದೆ. ಆ ಸಂಭ್ರಮದಲ್ಲಿ ಹಿಂದಿನಿಂದ ಬಂದ ಇನ್ನೊಂದು ಮಂಗ ನನ್ನ ಕನ್ನಡಕ ಕಿತ್ತುಕೊಂಡು ಹೋಯಿತು. ವಾಪಸ್ ಬರುವಾಗ ಮಗಳೇ ನನ್ನ ಕೈ ಹಿಡಿದು ಬಸ್ ಹತ್ತಿಸಿದಳು.

ಹುಳು ಕಾಲುವೆಗೆ ಮರಳಿತು. ಪಲ್ಲವಿಗೆ ಮೊದಲ ಬಹುಮಾನ ಬಂತು! ಈ ಸಲ ಚಾರ್ಟನ್ನು ಅವಳೇ ಬರೆದಿದ್ದಳು. ನಾನು ಹೇಳಿದ್ದು ಎರಡು ಕಾಲಮ್, ಅವಳು ಮಾಡಿದ್ದು ಮೂರು. 'ಮಂಗ: ಎಂಥ ಮುಚ್ಚಳವನ್ನೂ ತೆರೆಯುತ್ತದೆ. ಬಸವನಹುಳು: ಯಾವಾಗ ಮುಚ್ಚಿಕೊಂಡಿರಬೇಕೆಂದು ಅದಕ್ಕೆ ಗೊತ್ತು. ಅಪ್ಪ: ಎರಡೂ ಬರುವುದಿಲ್ಲ.'

ಚಾರ್ಟ್ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಬಂದವರಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತೇನೆ. ಮೂರನೇ ಕಾಲಮ್ಮಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇನೆ. ತಿಂಗಳು ತಿರುವಿ ಹಾಕುವ ನೆಪದಲ್ಲಿ ಗಿರಿಜಾ ಅದನ್ನು ಎತ್ತಿ, ಪಕ್ಕದ ಮನೆಗೂ ಕೇಳುವಂತೆ ಓದುತ್ತಾಳೆ.