ಹದಿನಾಲ್ಕು ಕಿಲೋಮೀಟರ್ ಮಂಡಕ್ಕಿ

ಮಂಡಕ್ಕಿಗೇ ಹೆಸರಾದ ದಾವಣಗೆರೆಯಲ್ಲಿ ಹುಟ್ಟಿ, ದಾವಣಗೆರೆಯಲ್ಲೇ ಬೆಳೆದು, ಮಂಡಕ್ಕಿ ಆಹಾರವೇ ಅಲ್ಲ ಎಂದ ಮೊದಲ ಗಂಡಸು ನಾನು. (ಎರಡನೆಯವನು ಇನ್ನೂ ಹುಟ್ಟಿಲ್ಲ.) ಹೇಳಿದ್ದು ಸರಸ್ವತಿ ನಗರದ ನಮ್ಮ ಮನೆಯಲ್ಲೇ, ಹೆಂಡತಿ ವಾಣಿಶ್ರೀ ಮತ್ತು ಲೋಕಿಕೆರೆಯಿಂದ ಬಂದಿದ್ದ ಅತ್ತೆ ಮರುಳಸಿದ್ದಮ್ಮನವರ ಎದುರಿಗೆ. ನನ್ನ ಧೈರ್ಯ ನೋಡಿ.

“ಒಂದು ಮೊರ ತಿಂದ್ರೂ ತೂಕ ಇಲ್ಲ, ಬರೇ ಗಾಳಿ! ಹೊಟ್ಟ್ಯಾಗೆ ಗಟ್ಟಿ ಕೂಡೋದೇ ಆಹಾರ. ಇನ್ಮ್ಯಾಲೆ ಈ ಮನೆ ಅಡಿಗೆ ವಿಜ್ಞಾನದ ಪ್ರಕಾರ, ನಾನು ಹೇಳ್ದಂಗೆ ಆಗ್ಬೇಕು.”

ಅತ್ತೆ ಮಂಡಕ್ಕಿ ಮುಕ್ಕುತ್ತಲೇ ಇದ್ದರು. ವಾಣಿಶ್ರೀ ಮಾತ್ರ ಸೊಂಟಕ್ಕೆ ಸೆರಗು ಸಿಗಿಸಿದಳು.

“ಹೌದೇನ್ರಿ? ನಾಳೆ ಶ್ರಾವಣ ಸೋಮವಾರ. ಅವ್ವ ಹರಿಹರಕ್ಕೆ ನಡ್ಕೊಂಡು ಹೊಂಟಾಳೆ, ಮಂಡಕ್ಕಿ ಕಟ್ಕೊಂಡು. ನೀವೂ ನಿಮ್ಮ ವಿಜ್ಞಾನ ಕಟ್ಕೊಂಡು ನಡೀರಿ. ಗುಡಿ ಮುಟ್ಟಿದ್ರೆ ಅಡಿಗೆಮನೆ ನಿಮ್ದು. ದಾರ್ಯಾಗೆ ಆಟೋ ಹತ್ತಿದ್ರೆ, ತಾಟಿಗೆ ಹಾಕಿದ್ದು ಬಾಯಿ ಮುಚ್ಕೊಂಡು ಉಣ್ಣೋದು!”

ಒಪ್ಪಿದೆ. ಅಂದೇ ಮನೆಯ ಊಟ ತ್ಯಜಿಸಿದೆ. ಮೆಡಿಕಲ್ ಶಾಪಿನಿಂದ ಇಸಬ್‌ಗೋಲ್ ಹೊಟ್ಟು ತಂದೆ, ಜೊತೆಗೆ ಓಡುತ್ತಿರುವ ಯುವಕನ ಚಿತ್ರವಿದ್ದ ನಾಲ್ಕು ಬಾಟಲಿ ಪಾನೀಯ. ಎರಡು ಚಮಚ ಹೊಟ್ಟು ನೀರಿಗೆ ಬಿದ್ದರೆ ಲೋಟದ ತುಂಬ ಉಬ್ಬುತ್ತದೆ. ಕುಡಿದೆ, ಹೊಟ್ಟೆ ತಮಟೆಯಾಯಿತು. ಇದೇ ಶಕ್ತಿ ಎಂದುಕೊಂಡು ಮಲಗಿದೆ.

ಬೆಳಗಿನ ಜಾವ ಹೊರಟೆವು. ಅತ್ತೆಗೆ ಅರವತ್ತೆಂಟು. ಮಡಿಲಲ್ಲಿ ಮಂಡಕ್ಕಿ, ಶೇಂಗಾ, ಬೆಲ್ಲ. ಆಗಾಗ ಒಂದು ಹಿಡಿ ಬಾಯಿಗೆ ಎಸೆದುಕೊಂಡು, ಊರವರ ಸುದ್ದಿಯೆಲ್ಲ ಹೇಳುತ್ತ ಮುಂದೆ ಮುಂದೆ ಹೋಗುತ್ತಿದ್ದರು. ದೊಡ್ಡಬಾತಿ ದಾಟುವಷ್ಟರಲ್ಲಿ ನನಗೆ ಅವರ ಸುದ್ದಿ ಕೇಳಿಸದಾಯಿತು. ಹರಿಹರ ಇನ್ನೂ ಎರಡು ಮೈಲಿ ಇರುವಾಗ ಕಣ್ಣಿಗೆ ಕತ್ತಲೆ ಬಂದು, ಶಬ್ಬೀರ್ ಎಂಬಾತನ ಚಹಾದಂಗಡಿಯ ಬೆಂಚಿನ ಮೇಲೆ ಕುಸಿದೆ.

“ಹೊಟ್ಟೆ ತುಂಬೈತೆ, ಆದ್ರೂ ಕಾಲು ಬರ್ತಿಲ್ಲ,” ಎಂದು ಗೋಳಾಡಿದೆ.

ಶಬ್ಬೀರ್ ಕನ್ನಡಕ ಹಾಕಿಕೊಂಡು ನನ್ನ ಬಾಟಲಿಯ ಹಿಂಬದಿ ಓದಿದ, ಚೀಲದಲ್ಲಿದ್ದ ಹೊಟ್ಟಿನ ಪೊಟ್ಟಣವನ್ನೂ ತಿರುಗಿಸಿ ನೋಡಿದ. “ಸಾಹೇಬ್ರೆ, ಇದ್ರಾಗೆ ಕ್ಯಾಲೊರಿ ಸೊನ್ನೆ ಅಂತ ಬರ್ದೈತಲ್ರಿ! ಈ ಹೊಟ್ಟು ನಮ್ಮ ಅಬ್ಬಾಗೂ ಕೊಡ್ತೀವಿ, ಬೆಳಿಗ್ಗೆ ಸಲೀಸಾಗ್ಲಿ ಅಂತ. ಒಳಗೆ ಅರಗೋದೇ ಇಲ್ಲ, ಹೋದಂಗೇ ಹೊರಗೆ ಬರ್ತೈತೆ. ಅರಗಿದ್ರಲ್ವೇನ್ರಿ ಕಸುವು?”

ಅಷ್ಟರಲ್ಲಿ “ಹರಿಹರ, ಹರಿಹರ!” ಎಂದು ಆಟೋ ಬಂತು. ನಾನು ನಾಚಿಕೆಬಿಟ್ಟು ಒಂದು ಕಾಲೆತ್ತಿದೆ. ನನ್ನನ್ನು ಹುಡುಕಿಕೊಂಡು ವಾಪಸ್ ಬಂದಿದ್ದ ಅತ್ತೆ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದರು.

“ಕೂಡ್ರಿ ಅಳಿಯಂದ್ರೇ. ಬಾಯಿ ತೆಗೀರಿ.”

ಮಂಡಕ್ಕಿ, ಶೇಂಗಾ, ಬೆಲ್ಲ. ಮೂರು ಹಿಡಿ. ಆಮೇಲಿನ ಕಾಲು ಗಂಟೆಯಲ್ಲಿ ನಡೆದದ್ದನ್ನು ಹೇಗೆ ಹೇಳಲಿ! ಮೊದಲು ಕಣ್ಣು ನಿಚ್ಚಳವಾಯಿತು. ಕೊನೆಗೆ ಮೊಣಕಾಲು ನನ್ನ ಮಾತು ಕೇಳಿತು. ಅಂಗೈಗೆ ಅಂಟಿದ್ದ ಒಂದೇ ಒಂದು ಮಂಡಕ್ಕಿಯನ್ನು ದಿಟ್ಟಿಸಿದೆ. ಉಫ್ ಎಂದರೆ ಹಾರಿಹೋಗುವಂಥದ್ದು. ಭದ್ರಾ ಕಾಲುವೆಯ ನೀರು ಕುಡಿದು, ನಾಲ್ಕು ತಿಂಗಳ ಬಿಸಿಲನ್ನು ಒಳಗೆ ಕೂಡಿಟ್ಟುಕೊಂಡ ಭತ್ತ ಅದು. ಆ ಬಿಸಿಲೇ ಈಗ ನನ್ನೊಳಗೆ ಬಿಚ್ಚಿಕೊಂಡು ಎಂಬತ್ತು ಕೆ.ಜಿ. ದೇಹವನ್ನು ಎತ್ತಿ ನಿಲ್ಲಿಸುತ್ತಿದೆ! ಮೈ ಜುಮ್ಮೆಂದಿತು. ನಲವತ್ತೈದು ವರ್ಷ ದಿನಾ ತಿಂದಿದ್ದೇನೆ, ಒಂದು ದಿನವೂ ಬೆರಗಾಗಿರಲಿಲ್ಲವಲ್ಲ! ಕೈ ಮುಗಿಯಬೇಕೆನಿಸಿತು. ಮಂಡಕ್ಕಿಗೋ ಅತ್ತೆಗೋ ತಿಳಿಯದೆ ಇಬ್ಬರಿಗೂ ಮುಗಿದೆ.

ಹರಿಹರೇಶ್ವರನ ಗುಡಿಯ ಮುಂದೆ, ಬಸ್ಸಿನಲ್ಲಿ ಬಂದಿದ್ದ ವಾಣಿಶ್ರೀ ನಿಂತಿದ್ದಳು. ನಾನು ಪ್ರಾಮಾಣಿಕವಾಗಿ, “ಸೋತೆ ಕಣೇ. ನಿಮ್ಮವ್ವನ ಮಂಡಕ್ಕಿನೇ ನನ್ನ ನಡೆಸ್ಕೊಂಡು ಬಂತು,” ಎಂದೆ.

“ಯಾಕ ಸೋತ್ರಿ? ಆಟೋ ಹತ್ತಿಲ್ಲ, ಗುಡಿ ಮುಟ್ಟೀರಿ. ಮಾತಂದ್ರೆ ಮಾತು, ಅಡಿಗೆಮನೆ ನಿಮ್ದೇ! ಅವ್ವ ಶ್ರಾವಣ ಮುಗಿಯೋ ತನಕ ಇರ್ತಾಳೆ. ನಾಳೆ ಏಳು ಗಂಟೆಗೆಲ್ಲಾ ಜೋಳದ ರೊಟ್ಟಿ ಆಗ್ಬೇಕು ನೋಡ್ರಿ.”

ಮರುದಿನ ಐದಕ್ಕೇ ಎದ್ದು, ಹಿಟ್ಟು ನಾದಿ, ಬಡಿದು, ಬೆರಳು ಸುಟ್ಟುಕೊಂಡು ನನ್ನ ಜೀವಮಾನದ ಮೊದಲ ರೊಟ್ಟಿಯನ್ನು ತಾಟಿಗೆ ಹಾಕಿದೆ. ವಾಣಿಶ್ರೀ ಅದನ್ನು ಎರಡೂ ಕೈಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಅವ್ವಾ, ಇದು ಆಹಾರ ಏನೇ?”