ಭಾವ ಬದಲಾಯಿಸಿದ ಪಿಸ್ತೂಲು

ನನ್ನ ಭಾವನವರ ಬಳಿ ಒಂದು ಪಿಸ್ತೂಲಿದೆ. ಅದಕ್ಕೆ ಗುಂಡು ಹಾರಿಸಲು ಬರುವುದಿಲ್ಲ. ಆದರೂ ಅದು ನನ್ನ ಮನಶ್ಶಾಂತಿಯನ್ನು ಕೊಂದಿದೆ. ಹೆಣ ಇನ್ನೂ ಸಿಕ್ಕಿಲ್ಲ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ಕೊಡಗಿನವರು. ದುಬೈಯ ಅಲ್ ಬರ್ಷಾದಲ್ಲಿ ನಮ್ಮ ಕಟ್ಟಡದಲ್ಲೇ, ಸರಿಯಾಗಿ ನಮ್ಮ ತಲೆಯ ಮೇಲಿನ ಮಹಡಿಯಲ್ಲಿ ವಾಸ. ಸಿಟ್ಟು ಅವರ ಉಸಿರು. ಲಿಫ್ಟ್ ತಡವಾಗಿ ಬಂದರೆ ಲಿಫ್ಟಿಗೆ ಬೈಯುತ್ತಾರೆ. ಬೇಗ ಬಂದರೆ, ನಿನ್ನೆ ಯಾಕೆ ಹೀಗೆ ಬರಲಿಲ್ಲವೆಂದು ಬೈಯುತ್ತಾರೆ. ಮಂಗಳೂರಿನ ಕಡೆಯ ಸಾಧುಪ್ರಾಣಿಯಾದ ನಾನು ಇದನ್ನು ಹಲ್ಲು ಕಚ್ಚಿಕೊಂಡು ಬರೆಯುತ್ತಿದ್ದೇನೆಂದರೆ ಸಹವಾಸದೋಷ ಎಷ್ಟಿರಬೇಕು, ನೀವೇ ಯೋಚಿಸಿ.

ಕೊಡವರಿಗೆ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಗಳ ಹಬ್ಬ. ಮನೆಯ ಕೋವಿಯನ್ನು ದೀಪದೆದುರು ಇಟ್ಟು, ಹೂ ಮುಡಿಸಿ, ಹಿರಿಯರು ಅದನ್ನು ಹಾರೈಸಿ ಕಿರಿಯರ ಕೈಗೆ ಕೊಡುತ್ತಾರೆ. ದುಬೈಯಲ್ಲಿ ಕೋವಿಗೆ ಎಲ್ಲಿಗೆ ಹೋಗುವುದು? ಆ ಕೊರತೆಗೆ ಬಲಿಯಾದದ್ದು ನನ್ನ ಪಿಸ್ತೂಲು. ಇಲ್ಲಿನ ಕನ್ನಡ ಸಂಘದ ನಾಟಕದಲ್ಲಿ ಇನ್ಸ್‌ಪೆಕ್ಟರ್ ಪಾತ್ರಕ್ಕೆಂದು ಕೊಂಡ ಆಟಿಕೆ. ಕಪ್ಪು ಪ್ಲಾಸ್ಟಿಕ್, ತೀರಾ ಈಚಿನ ಮಾದರಿ, ಒತ್ತಿದರೆ ಕೆಂಪು ದೀಪ. ಹೋದ ವರ್ಷ ಭಾವ ಅದಕ್ಕೆ ಗಂಧ ಹಚ್ಚಿ, ಕಣ್ಣು ಮುಚ್ಚಿ, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಮುಗಿದರು. ಗಂಧದ ಬೆರಳು ಮೊದಲೇ ಎಲ್ಲಿ ತಾಗಿತ್ತೋ, ಪಿಸ್ತೂಲು ಅಮೆರಿಕದ ಧ್ವನಿಯಲ್ಲಿ "ಹ್ಯಾಂಡ್ಸ್ ಅಪ್" ಎಂದಿತು. ಭಕ್ತರ ಕೈ ಆಗಲೇ ಮೇಲಿತ್ತು. ಅಷ್ಟು ಚುರುಕಾಗಿ ವರ ಕೊಟ್ಟ ದೇವರನ್ನು ನಾನಂತೂ ಕಂಡಿಲ್ಲ. ಆ ವರ್ಷವಿಡೀ ಭಾವ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ, ಹ್ಯಾಂಡ್ಸ್ ಅಪ್ ಎಂದದ್ದು ನಾನೇ ಎಂಬಂತೆ.

ಈ ವರ್ಷ ವಿಷಯ ಗಂಭೀರವಾಯಿತು. ಇಲ್ಲೇ ಹುಟ್ಟಿ ಬೆಳೆದ ಅವರ ಮಗಳು ಕಾಲೇಜಿಗೆಂದು ಮೈಸೂರಿಗೆ ಹೊರಡುವವಳಿದ್ದಳು. ಹಬ್ಬದ ಹೊತ್ತಿಗೆ ಅವಳು ಕೊಡಗಿನಲ್ಲಿ, ಕುಲದವರೆಲ್ಲ ಸೇರುವ ಐನ್‌ಮನೆಯಲ್ಲಿ, ದೊಡ್ಡಪ್ಪನ ಕೈಯಿಂದ ನಿಜವಾದ ಕೋವಿ ತೆಗೆದುಕೊಳ್ಳಬೇಕು.

"ಅಲ್ಲಿ ಅವಳು ನೆಂಟರ ಹಾಗೆ ನಿಲ್ಲಬಾರದು ಭಾವ, ಮನೆಯವಳ ಹಾಗೆ ನಿಲ್ಲಬೇಕು" ಎಂದರು. ಅವರಿಗೆ ನಾನೂ ಭಾವನೇ.

ಅದಕ್ಕಾಗಿ ಹಬ್ಬವನ್ನೇ ಜುಲೈಗೆ ಎಳೆದು ತಂದು ಅಲ್ ಬರ್ಷಾದಲ್ಲಿ ಒಂದು ರಿಹರ್ಸಲ್ ಇಟ್ಟುಕೊಂಡರು. ನಾನು ಒಪ್ಪಿದೆ. ಒಪ್ಪದಿರುವ ಸೌಲಭ್ಯ ನನಗಿಲ್ಲ.

ಒಂದು ಶುಕ್ರವಾರ ನನ್ನ ಪಿಸ್ತೂಲು ಮಾಯವಾಯಿತು. ಜೊತೆಗೆ ಕ್ಯಾಮರಾದ ಮೂರುಕಾಲಿನ ಸ್ಟ್ಯಾಂಡೂ. ಮಧ್ಯಾಹ್ನ ಅಬುಧಾಬಿಯಿಂದ ಭಾವನ ಫೋನು: ಬಸ್ಸಿನಲ್ಲಿ ಬಂದಿದ್ದೇನೆ, ಕೈಯಲ್ಲಿ ಸಾಮಾನಿದೆ, ಕಾರು ತನ್ನಿ. ಹೋಗಿ ನೋಡಿದರೆ, ಒಬ್ಬ ಮಲಯಾಳಿಯ ಹಳೇ ಸಾಮಾನಿನ ಅಂಗಡಿಯೆದುರು ನಿಂತು ಬಿಸಿಲಿಗೆ ಬೈಯುತ್ತಿದ್ದಾರೆ. ನನ್ನ ಎರಡು ವಸ್ತುಗಳನ್ನು ಕೊಟ್ಟು, ಮಾತಾಡದ ಹಳೇ ಮಿಲಿಟರಿ ಪಿಸ್ತೂಲಿನ ನಕಲೊಂದನ್ನು ಪಡೆದಿದ್ದರು. ಕಬ್ಬಿಣದ ಮೈ, ಮರದ ಹಿಡಿ, ನಳಿಗೆಯ ಬಾಯಿ ಹುಟ್ಟಾ ಮುಚ್ಚಿದ್ದು. ಅಂಗಡಿಯವನು ಅದನ್ನು "ಒರಿಜಿನಲ್ ಕಾಪಿ" ಎಂದು ಹೊಗಳಿದನಂತೆ. ಭಾವ ಅದನ್ನು ಹೆಮ್ಮೆಯಿಂದ ನನಗೆ ವರದಿ ಮಾಡಿದರು.

ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ಮುಂದಿನ ತಿಂಗಳು ನಾಟಕ. ಮೊಬೈಲಿನಲ್ಲಿ ಲೊಕೇಶನ್ ನೋಡಿ ಕಳ್ಳನನ್ನು ಹಿಡಿಯುವ ನನ್ನ ಇನ್ಸ್‌ಪೆಕ್ಟರು ಇನ್ನು ಮಹಾಯುದ್ಧದ ಪಿಸ್ತೂಲು ಹಿಡಿದು ರಂಗಕ್ಕೆ ಬರಬೇಕೇ?

"ಇನ್ಸ್‌ಪೆಕ್ಟರಿಗೆ ವಯಸ್ಸಾಗಿದೆ ಅಂತ ತಿಳಿದುಕೊಳ್ಳುತ್ತಾರೆ. ನಿಮ್ಮ ಮುಖಕ್ಕೆ ಒಪ್ಪುತ್ತದೆ."

"ಮತ್ತೆ ನನ್ನ ಸ್ಟ್ಯಾಂಡು?"

"ನೀವು ತೆಗೆದ ಫೋಟೋ ನೋಡಿದ್ದೇನೆ ಭಾವ. ಯಾರಿಗೂ ನಷ್ಟ ಇಲ್ಲ."

ಖುಬ್ಬೂಸ್ ರೊಟ್ಟಿಯ ಕವರಿನಲ್ಲಿ ಆಯುಧವನ್ನು ಸುತ್ತಿ, ತೊಡೆಯ ಮೇಲೆ ಕೂಸಿನಂತೆ ಮಲಗಿಸಿಕೊಂಡು ಕಾರಿನಲ್ಲಿ ಕುಳಿತರು. ಪಕ್ಕದಲ್ಲಿ ಪೊಲೀಸ್ ಕಾರು ಹಾದಾಗಲೆಲ್ಲ ನನ್ನ ವೀಸಾ ಎದೆಯೊಳಗೆ ಡವಡವ ಎನ್ನುತ್ತಿತ್ತು. ನಿಲ್ಲಿಸಿದರೆ ಏನು ಹೇಳುವುದೆಂದು ಕೇಳಿದೆ. ತಾನೇ ವಿವರಿಸುತ್ತೇನೆ ಎಂದರು. ಯಾವ ಭಾಷೆಯಲ್ಲಿ ಎಂದೆ.

"ಮಾಫಿ ಗುಂಡು, ಖಲಾಸ್. ಇದರಲ್ಲಿ ವಿವರಿಸುವುದೇನಿದೆ?"

ಇಲ್ಲ ಎನ್ನಲು ಮಾಫಿ, ಮುಗಿಯಿತು ಎನ್ನಲು ಖಲಾಸ್, ಭಾವನ ಅರಬ್ಬಿ ಅಷ್ಟೇ. ಅಲ್ಲಿಂದ ನಾನು ಬಾಯಿ ಬಿಟ್ಟೆ. ಅಬುಧಾಬಿಯಿಂದ ದುಬೈವರೆಗೆ, ಆ ಉದ್ದನೆಯ ಹೆದ್ದಾರಿಯುದ್ದಕ್ಕೂ, ತುಳುವಿನಲ್ಲಿ ಮೊದಲುಗೊಂಡು ನನಗೆ ಬರುವ ಸಮಸ್ತ ಭಾಷೆಗಳಲ್ಲಿ ಬೈದೆ. ಭಾವ ಒಮ್ಮೆಯೂ ತಡೆಯಲಿಲ್ಲ. ಕೊನೆಗೆ, ತುಳು ಇಷ್ಟು ಚೆನ್ನಾಗಿದೆಯೆಂದು ಗೊತ್ತಿರಲಿಲ್ಲ ಎಂದರು.

ರಿಹರ್ಸಲ್ ದಿನ ಬೆಳಿಗ್ಗೆ ಮೇಲಕ್ಕೆ ಹೋದರೆ ಭಾವ ಕುಪ್ಯವೆಂಬ ಕಪ್ಪು ನಿಲುವಂಗಿ ತೊಟ್ಟು, ಸೊಂಟಕ್ಕೆ ಕೆಂಪು ರೇಷ್ಮೆ ಬಿಗಿದು ನಿಂತಿದ್ದರು. ದೀಪದೆದುರು ಪಿಸ್ತೂಲು, ಅದರ ನಳಿಗೆಯ ಪಕ್ಕ ಸೂಪರ್ ಮಾರ್ಕೆಟ್ಟಿನ ಗುಲಾಬಿ. ಮಗಳು ಮುಂದೆ ಬಂದು ಒಂದು ಕೈ ಚಾಚಿದಳು. ಟಿವಿ ರಿಮೋಟು ಇಸಿದುಕೊಳ್ಳುತ್ತಿದ್ದೀಯಾ ಎಂದು ಗದರಿದರು. ಎರಡನೆಯ ಸಲ ಎರಡು ಕೈ ಬಂತು, ತಲೆ ಬಾಗಲಿಲ್ಲ. ಮೂರನೆಯ ಸಲ ತಲೆ ಬಾಗಿತು, ಕಾಲಿನಲ್ಲಿ ಚಪ್ಪಲಿ. ಭಾವನ ಧ್ವನಿ ಕೆಳಗಿನ ನಮ್ಮ ಮನೆಯ ಪಾತ್ರೆಗಳಿಗೂ ಕೇಳಿಸಿರಬೇಕು. ಹುಡುಗಿಯ ಮೂಗು ಕೆಂಪಾಯಿತು. ಅವಳೂ ಅದೇ ಕುಲದವಳಲ್ಲವೇ.

"ಅಪ್ಪಾ, ಇಟ್ಸ್ ನಾಟ್ ಈವನ್ ರಿಯಲ್" ಎಂದಳು. ಆಮೇಲೆ ಕೇಳಿದಳು: "ಅಲ್ಲಿ ನಾನು ತಪ್ಪು ಮಾಡಿದರೆ ಬೈಯಲಿಕ್ಕೆ ನೀವು ಇರ್ತೀರಲ್ಲ?"

ಭಾವ ದೀಪದ ಬತ್ತಿಯನ್ನು ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ರಜೆ ಕೊಡಲಿಲ್ಲ ಮಗಾ."

ನಮಗೆ ಯಾರಿಗೂ ಅವರು ಇದನ್ನು ಹೇಳಿರಲಿಲ್ಲ. ಹುಡುಗಿ ಬಾಗಿಲ ಬಳಿ ಹೋಗಿ ಚಪ್ಪಲಿ ಬಿಟ್ಟು ಬಂದಳು. ಅಂಗೈಗಳನ್ನು ಉಡುಪಿಗೆ ಒರೆಸಿಕೊಂಡು, ಎರಡನ್ನೂ ಜೋಡಿಸಿ ಚಾಚಿದಳು.

"ಹಾಗಾದರೆ ಇನ್ನೊಮ್ಮೆ ಕೊಡಿ."

ಭಾವ ಕೊಟ್ಟರು. ಅವಳು ತಲೆ ಬಾಗಿಸಿ ಹಾರೈಕೆಗೆ ಕಾದಳು. ಪಿಸ್ತೂಲು ಅವಳ ಅಂಗೈಯಲ್ಲಿತ್ತು, ಅದರ ಮೇಲೆ ಅವಳಪ್ಪನ ಬೆರಳುಗಳೂ ಇದ್ದವು. ಕೊಟ್ಟಾಗಿತ್ತು, ಬಿಡಲು ಮಾತ್ರ ಅವರಿಗೆ ಆಗುತ್ತಿರಲಿಲ್ಲ.