ಕೋಲಾರದ ಬಿಸಿಲಿಗೆ ಹಿಮದ ಟೈರು

ನಾನು ಯಾವುದೇ ವಸ್ತುವನ್ನು ಕೊಳ್ಳುವ ಮೊದಲು ಅದರ ಬಗ್ಗೆ ಕೂಲಂಕಷವಾಗಿ ಅಧ್ಯಯನ ಮಾಡುವವನು. ಕುಕ್ಕರಿನ ಗ್ಯಾಸ್ಕೆಟ್ ತರಲು ಹೋದರೂ ನಾಲ್ಕು ಅಂಗಡಿ ವಿಚಾರಿಸಿ, ಐದನೆಯ ಅಂಗಡಿಯಲ್ಲಿ ತಪ್ಪು ಅಳತೆಯದನ್ನು ತರುತ್ತೇನೆ. ಕೋಲಾರದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಭೂಗೋಳ ಪಾಠ ಮಾಡುತ್ತಿರುವ ನನಗೆ ಪ್ರಪಂಚದ ಯಾವ ಮೂಲೆಯಲ್ಲಿ ಏನು ಸಿಗುತ್ತದೆ ಎಂಬುದು ಚೆನ್ನಾಗಿ ಗೊತ್ತು. ನಮ್ಮೂರಿಗೆ ಏನು ಬೇಕು ಎಂಬುದು ಮಾತ್ರ ಸ್ವಲ್ಪ ತಡವಾಗಿ ಗೊತ್ತಾಗುತ್ತದೆ.

ಟೈರಿನ ವಿಷಯ ಹುಟ್ಟಿದ್ದು ನಮ್ಮ ಮಾವನವರ ಕಣ್ಣಿನಿಂದ. ಮಾವ ಕೃಷ್ಣಪ್ಪನವರು ಮುಳಬಾಗಿಲಿನವರು. ಮೂವತ್ತು ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತರಾದವರು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಲಗಣ್ಣಿನದು ಪೂರ್ತಿ ಬಲಿತಿದೆ, ಇನ್ನು ತಡ ಮಾಡಿದರೆ ಕಷ್ಟ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಮಾವ ಪ್ರತಿ ಸಲವೂ ಒಂದು ಕಾರಣ ಹೇಳುತ್ತಿದ್ದರು. ಒಮ್ಮೆ ಹಬ್ಬ ಹತ್ತಿರ ಬಂತು, ಒಮ್ಮೆ ಮಾವಿನಕಾಯಿ ಇಳಿಸುವ ಕಾಲ, ಒಮ್ಮೆ ಹಸು ಕರು ಹಾಕುವುದಿದೆ. ಆ ಹಸು ಪಕ್ಕದ ಮನೆಯವರದು!

ಈ ಏಪ್ರಿಲ್‌ನಲ್ಲಿ ಮುಳಬಾಗಿಲಿಗೆ ಹೋಗಿದ್ದಾಗ ನನ್ನ ಹೆಂಡತಿ ಸುಜಾತ ಅಪ್ಪನ ಮುಂದೆ ಕೂತು ಅತ್ತೇಬಿಟ್ಟಳು. ಮಾವ ಕರಗಿದರು. ಅಲ್ಲಿಂದಲೇ ಫೋನು ಮಾಡಿ, ಕೋಲಾರದ ಆಸ್ಪತ್ರೆಯಲ್ಲಿ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ಎಂದು ನಿಗದಿ ಮಾಡಿದೆವು. ಕಣ್ಣಿಗೆ ಧೂಳು ತಾಗದಂತೆ ಕಾರಿನಲ್ಲೇ ಓಡಾಡಿಸುವುದು ಒಳ್ಳೆಯದು ಎಂದು ನರ್ಸ್ ಹೇಳಿದ್ದರಿಂದ ನನ್ನ ಚಿಕ್ಕ ಕಾರಿಗೆ ಆ ಗೌರವ ಸಿಕ್ಕಿತು. ಆಗ ಮಾವ ಎದ್ದು ಹೊರಗೆ ಬಂದು, ಬಗ್ಗಿ, ಕಾರಿನ ಟೈರಿನ ಮೇಲೆ ಹೆಬ್ಬೆರಳು ಆಡಿಸಿದರು.

"ಏನ್ ಅಳಿಯಂದ್ರೇ, ಟೈರು ಬೋಳುತಲೆ ಆಗೈತೆ. ಇದರಾಗೆ ನಾನು ಕೂರಲ್ಲ. ಬದಲಾಯಿಸ್ಕೊಂಡು ಬನ್ನಿ, ಆಮೇಲೆ ನೋಡಣ."

ವಾಪಸು ಬರುವಾಗ ಸುಜಾತ ಹೇಳಿದಳು. "ರೀ, ನಾಳೇನೇ ಹಾಕಿಸಿಬಿಡಿ. ಈ ಟೈರು ನೆಪ ಒಂದು ಹೋದ್ರೆ ಅಪ್ಪನ ಹತ್ರ ಇನ್ಯಾವ ನೆಪಾನೂ ಉಳಿದಿಲ್ಲ. ಈ ಸಲ ತಪ್ಪಿದ್ರೆ ಅಪ್ಪ ಮತ್ತೆ ಒಪ್ಪಲ್ಲ, ಕಣ್ಣು ಹೋಗುತ್ತೆ ಅಷ್ಟೇ."

"ನನಗೆ ಬಿಡು," ಎಂದೆ. ಅವಳು ನನ್ನನ್ನು ಒಂದು ಥರ ನೋಡಿದಳು.

ಮಾರನೆಯ ದಿನ ನಮ್ಮ ಬೀದಿಯ ತುದಿಯ ಟೈರ್ ಅಂಗಡಿಗೆ ಹೋದೆ. ಅಂಗಡಿಯ ನಂಜುಂಡ ಕಾರನ್ನು ನೋಡಿದವನೇ ಒಳಗಿನಿಂದ ಒಂದು ಟೈರು ಉರುಳಿಸಿಕೊಂಡು ಬಂದ. "ಇದು ಹಾಕ್ಸಿ ಮೇಷ್ಟ್ರೇ. ಬಿಸಿಲು, ಮಳೆ, ಚಳಿ, ಎಲ್ಲಾ ಕಾಲಕ್ಕೂ ಆಗ್ತದೆ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ! ನನಗೆ ಅನುಮಾನ ಬಂತು. ಸರಿಯಾಗಿ ವಿಚಾರಿಸಿ ಬರುತ್ತೇನೆ ಎಂದು ಮನೆಗೆ ಬಂದು ಮೊಬೈಲ್ ಹಿಡಿದು ಕುಳಿತೆ. ಅಲ್ಲಿ ಒಬ್ಬ ಗಡ್ಡದ ಮನುಷ್ಯ ಯಾವುದೋ ದೇಶದಲ್ಲಿ, ಸೊಂಟದವರೆಗೆ ಬಿದ್ದ ಹಿಮದ ನಡುವೆ ನಿಂತು, ನನ್ನದೇ ಪ್ರಶ್ನೆಯನ್ನು ಚರ್ಚಿಸುತ್ತಿದ್ದ. ಎಲ್ಲಾ ಕಾಲದ ಟೈರು ಮೇಲೋ, ಚಳಿಗಾಲದ ಟೈರು ಮೇಲೋ? ಎಲ್ಲಾ ಕಾಲದ ಟೈರು ಹಾಕಿದ ಕಾರು ಬ್ರೇಕ್ ಹಾಕಿದ ಮೇಲೂ ಜಾರಿಕೊಂಡು ಹೋಗಿ ಒಂದು ಕಂಬಕ್ಕೆ ಗುದ್ದಿತು. ಚಳಿಗಾಲದ ಟೈರಿನ ಕಾರು ಕಂಬಕ್ಕಿಂತ ಬಹಳ ಮುಂಚೆಯೇ ನಿಂತಿತು. ಆ ಟೈರಿನ ಮೈಯಲ್ಲಿ ಕಂಪನಿಯವರೇ ಕೂರಿಸಿದ ಸಣ್ಣ ಸಣ್ಣ ಉಕ್ಕಿನ ಮೊಳೆಗಳಿದ್ದವು. ಅವು ಹಿಮವನ್ನು ಕಚ್ಚಿ ಹಿಡಿಯುತ್ತವಂತೆ.

ಸುಜಾತ ಹಿಂದಿನಿಂದ ಬಗ್ಗಿ ನೋಡಿದಳು. "ಅಲ್ಲಿ ಬೆಳ್ಳಗೆ ಬಿದ್ದಿರೋದು ಏನ್ರೀ?"

"ಹಿಮ."

"ನಮ್ಮೂರಲ್ಲಿ ಎಲ್ಲಿದೆ?"

"ಡಿಸೆಂಬರಲ್ಲಿ ನಾನು ಮಂಕಿ ಕ್ಯಾಪ್ ಹಾಕ್ಕೊಳಲ್ವಾ?"

"ಅದು ತಲೆಗೆ ಕಣ್ರೀ!"

ಅವಳಿಗೆ ತರ್ಕ ಬಿಡಿಸಿ ಹೇಳಿದೆ. ಎಲ್ಲಾ ಕಾಲಕ್ಕೂ ಆಗುವುದು ಯಾವ ಕಾಲಕ್ಕೂ ಪೂರ್ತಿ ಆಗುವುದಿಲ್ಲ. ನಮ್ಮ ಶಾಲೆಯಲ್ಲೇ ಯಾರು ರಜೆ ಹಾಕಿದರೂ ಅವರ ವಿಷಯವನ್ನು ತೆಗೆದುಕೊಳ್ಳುವ ಒಬ್ಬ ಮೇಷ್ಟ್ರಿದ್ದಾರೆ. ಅವರ ಕ್ಲಾಸಿನಲ್ಲಿ ಮಕ್ಕಳು ನಿದ್ದೆ ಮಾಡುತ್ತಾರೆ. ಅದೇ ರೀತಿ, ಹಿಮದ ಮೇಲೆಯೇ ಜಾರದ ಟೈರು ನಮ್ಮ ಡಾಂಬರಿನ ಮೇಲೆ ಜಾರಲು ಸಾಧ್ಯವೇ? ಅಂಟು ಹಾಕಿದಂತೆ ಹಿಡಿದುಕೊಳ್ಳುತ್ತದೆ. ಟೈರಿನ ಬಗ್ಗೆ ಇಷ್ಟು ಕಟ್ಟುನಿಟ್ಟಾದ ಮಾವನವರನ್ನು ಕೂರಿಸಲು ಇದಕ್ಕಿಂತ ಯೋಗ್ಯವಾದದ್ದು ಯಾವುದು?

ಸುಜಾತ ಏನೂ ಹೇಳದೆ ಅಡುಗೆಮನೆಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಕೋಲಾರದಲ್ಲಿ ಯಾವ ಅಂಗಡಿಯವನೂ ಚಳಿಗಾಲದ ಟೈರಿನ ಹೆಸರು ಕೇಳಿರಲಿಲ್ಲ. ನಂಜುಂಡ ಮಾತ್ರ, "ಚಳಿಗೆ ಟೈರಾ ಮೇಷ್ಟ್ರೇ? ಕಾರಿಗೆ ಒಂದು ಸ್ವೆಟರ್ ಹೊಲಿಸಿ," ಎಂದ. ಅಜ್ಞಾನಿ ಎಂದುಕೊಂಡೆ. ಎರಡು ದಿನ ಫೋನು ತಿರುಗಿಸಿ, ಕೊನೆಗೆ ಮಾಲೂರಿನ ಹತ್ತಿರ ಹೊರದೇಶದ ಹಳೇ ಸಾಮಾನು ಮಾರುವ ಒಂದು ಗೋಡೌನ್ ಪತ್ತೆ ಮಾಡಿದೆ. ಅಲ್ಲಿ ತೂಕದ ಯಂತ್ರಗಳು, ಮುರಿದ ಕುರ್ಚಿಗಳು ಮತ್ತು ಯಾರೂ ಕೇಳದ ನಾಲ್ಕು ಟೈರುಗಳಿದ್ದವು. ಮೊಳೆ ಸಮೇತ! ಅಳತೆಯೂ ನನ್ನ ಕಾರಿನದೇ!

"ಕಂಟೇನರಲ್ಲಿ ಬಂದಿರೋ ಮಾಲು ಸಾರ್," ಎಂದ ಗೋಡೌನಿನವನು. "ಎರಡು ವರ್ಷದಿಂದ ಇಲ್ಲೇ ಐತೆ. ಈಗ ಸೀಸನ್ ಅಲ್ಲ ನೋಡಿ, ನಿಮಗೆ ಅಂತ ಕಮ್ಮೀಲಿ ಕೊಡ್ತೀನಿ."

ಮಾಲೂರಿನಲ್ಲಿ ಹಿಮದ ಸೀಸನ್ ಯಾವಾಗ ಎಂದು ನಾನು ಕೇಳಬೇಕಿತ್ತು. ಭೂಗೋಳದ ಮೇಷ್ಟ್ರಾದ ನಾನು ಕೇಳಲಿಲ್ಲ. ಕಮ್ಮಿ ಎಂಬ ಒಂದು ಪದಕ್ಕೆ ಇಪ್ಪತ್ತೆರಡು ವರ್ಷದ ವಿದ್ಯೆ ಬಾಯಿ ಮುಚ್ಚಿಕೊಂಡಿತು. ನಾಲ್ಕನ್ನೂ ಊರಿಗೆ ತಂದು ಬುಧವಾರ ಬೆಳಿಗ್ಗೆ ಕಾರಿಗೆ ಹಾಕಿಸಿದೆ.

ಅದೇ ಸಂಜೆ ಸುಜಾತಳನ್ನು ಕೂರಿಸಿಕೊಂಡು ಮುಳಬಾಗಿಲಿಗೆ ಹೊರಟೆ. ರಾತ್ರಿ ಅಲ್ಲೇ ಇದ್ದು ಬೆಳಿಗ್ಗೆ ಏಳೂವರೆಗೆ ಮಾವನವರನ್ನು ಕರೆದುಕೊಂಡು ಹೊರಡುವುದು ಎಂದು ಏರ್ಪಾಡು. ಐದು ಗಂಟೆ ದಾಟಿದ್ದರೂ ಬಿಸಿಲು ಧಗಧಗ ಎನ್ನುತ್ತಿತ್ತು. ಕಾರು ಹೆದ್ದಾರಿಗೆ ಇಳಿದ ಕೂಡಲೇ ಕೆಳಗಿನಿಂದ ಟರ್ರ್ ಎಂದು ಶುರುವಾದ ಸದ್ದು ಮುಳಬಾಗಿಲು ಬರುವವರೆಗೂ ನಿಲ್ಲಲಿಲ್ಲ. ಒಂದು ಟ್ರ್ಯಾಕ್ಟರಿನವನು ನಮ್ಮನ್ನು ಹಿಂದೆ ಹಾಕುತ್ತಾ ಮರುಕದಿಂದ ನೋಡಿದ.

"ಏನ್ರೀ ಇದು, ರಾಗಿ ಬೀಸೋ ಮಿಷನ್ ಥರ?" ಎಂದು ಸುಜಾತ ಕೂಗಿದಳು. ಕೂಗದೆ ಕೇಳಿಸುತ್ತಿರಲಿಲ್ಲ.

"ಅದು ಹಿಡಿತದ ಸದ್ದು!" ಎಂದು ನಾನೂ ಕೂಗಿದೆ.

ಮನೆ ಮುಂದಿನ ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿದಾಗ ಕತ್ತಲಾಗುತ್ತಿತ್ತು. ಹೊಸ ಟೈರು ಹಾಕಿಸಿದ್ದೇನೆ ಎಂದು ಮಾವನಿಗೆ ಹೇಳಿದೆ. ಸರಿ ಎಂದರು. ಅವರ ಮುಖ ಸಪ್ಪಗಿತ್ತು. ಊಟವೂ ಸೇರಲಿಲ್ಲ. ಟೈರಿನ ವಿಶೇಷವನ್ನು ಬೆಳಿಗ್ಗೆ ದಾರಿಯಲ್ಲಿ ಸಾವಕಾಶವಾಗಿ ವಿವರಿಸಿದರಾಯಿತು ಎಂದುಕೊಂಡು ಮಲಗಿದೆ.

ಇಲ್ಲಿ ಒಂದು ವಿಷಯ ನಾನು ಮರೆತಿದ್ದೆ. ಮೂವತ್ತು ವರ್ಷ ಫಸ್ಟ್ ಬಸ್ ಓಡಿಸಿದ ಮಾವನಿಗೆ ನಾಲ್ಕು ಗಂಟೆಗೆ ಎದ್ದು, ಗಾಡಿಗೆ ಒಂದು ಸುತ್ತು ಬಂದು, ಟೈರುಗಳನ್ನೆಲ್ಲ ಕೈಯಿಂದ ತಡವಿ, ಮೊಳೆ ಮುಳ್ಳು ಇದ್ದರೆ ಕಿತ್ತು ಹಾಕಿ ಆಮೇಲೆ ಹೊರಡುವುದು ಅಭ್ಯಾಸ. ಅದಕ್ಕೆ ಕಣ್ಣು ಬೇಕಿಲ್ಲ. ಬೆರಳು ಸಾಕು.

ಬೆಳಗಿನ ಜಾವ ಟಿಣ್ ಎಂಬ ಸದ್ದಿಗೆ ಎಚ್ಚರವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. ಅತ್ತೆ ಹಾಲು ಕಾಯಿಸುತ್ತಿರಬೇಕು ಎಂದುಕೊಂಡು ಮಗ್ಗುಲು ಬದಲಾಯಿಸಿದೆ. ಬೆಳಕು ಹರಿದ ಮೇಲೆ ಹೊರಗೆ ಬಂದು ನೋಡುತ್ತೇನೆ, ನನ್ನ ಕಾರು ಜಾಕಿನ ಮೇಲೆ ನಿಂತಿದೆ! ಮಾವ ಮಣೆ ಹಾಕಿಕೊಂಡು ಕುಳಿತು, ಇಕ್ಕಳ ಹಿಡಿದು, ಟೈರಿನಿಂದ ಒಂದೊಂದೇ ಮೊಳೆ ಕಿತ್ತು ಸ್ಟೀಲ್ ಚೊಂಬಿಗೆ ಹಾಕುತ್ತಿದ್ದಾರೆ. ಎಡಗಡೆಯ ಎರಡು ಟೈರು ಪೂರ್ತಿ ಮುಗಿದಿದ್ದವು. ಚೊಂಬು ಅರ್ಧ ತುಂಬಿತ್ತು. ಈಗ ಬಲಗಡೆಯ ಸರದಿ.

"ಅಳಿಯಂದ್ರೇ, ನಿಮ್ಮ ಪುಣ್ಯ ದೊಡ್ಡದು!" ಎಂದರು ಮಾವ. ಹಿಂದಿನ ದಿನದ ಸಪ್ಪೆಮುಖ ಎಲ್ಲಿ ಹೋಯಿತೋ! "ನನ್ನ ಸರ್ವೀಸಲ್ಲಿ ಇಷ್ಟು ಮೊಳೆ ಹೊಡಿಸ್ಕೊಂಡ ಗಾಡಿ ನೋಡಿಲ್ಲ. ಅದೆಂಗೆ ಬಂದ್ರಿ ಕೋಲಾರದಿಂದ? ಗಾಳಿ ಇಳಿದಿಲ್ಲ ನೋಡಿ, ಅದೇ ದೇವರ ದಯೆ."

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟರಮಣಪ್ಪ, ಅಂದರೆ ಆ ಹಸುವಿನ ಯಜಮಾನ, ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು ಅಲ್ಲೇ ನಿಂತರು. ಚೊಂಬಿನೊಳಗೆ ಇಣುಕಿದರು. "ಎವರ್ರಾ ಈ ಪನಿ ಚೇಸಿಂದಿ!" ಈ ಕೆಲಸ ಮಾಡಿದ್ದು ಯಾರು ಎಂದು ತೆಲುಗಿನಲ್ಲಿ ಅಬ್ಬರಿಸಿ, "ಯಾರೋ ಬೇಕಂತಲೇ ಮಾಡವ್ರೆ ಕೃಷ್ಣಪ್ಪಣ್ಣಾ. ಬೇರೆ ಯಾರೂ ಅಲ್ಲ, ಆ ಪಂಚರ್ ಅಂಗಡಿ ವೆಂಕಟೇಶಿ. ವ್ಯಾಪಾರ ಇಲ್ಲ ಅಂತ ರೋಡಿಗೆ ಮೊಳೆ ಚೆಲ್ಲವ್ನೆ!" ಎಂದು ಕನ್ನಡದಲ್ಲಿ ತೀರ್ಪು ಕೊಟ್ಟರು.

ಡೇರಿಗೆ ಹೊರಟಿದ್ದ ಇನ್ನೂ ಆರೇಳು ಜನ ಸೇರಿದರು. ಚೊಂಬು ಕೈಯಿಂದ ಕೈಗೆ ಹೋಯಿತು. ಒಬ್ಬರು ಪೊಲೀಸ್ ಕಂಪ್ಲೇಂಟ್ ಕೊಡಬೇಕೆಂದರು. ಇನ್ನೊಬ್ಬರು ತಮ್ಮ ಸ್ಕೂಟರಿಗೂ ಹೋದ ವಾರ ಪಂಚರ್ ಆಗಿದ್ದು ಯಾಕೆಂದು ಈಗ ಗೊತ್ತಾಯಿತು ಎಂದರು. ನೋಡನೋಡುತ್ತಿದ್ದಂತೆ ಇಬ್ಬರು ಹೋಗಿ, ಹಲ್ಲುಜ್ಜುತ್ತಿದ್ದ ವೆಂಕಟೇಶಿಯನ್ನು ಬ್ರಷ್ ಸಮೇತ ಕರೆತಂದೇಬಿಟ್ಟರು.

"ಅಮ್ಮನಾಣೆ ನಾನಲ್ಲ!" ಎಂದು ವೆಂಕಟೇಶಿ ನೊರೆಯ ಬಾಯಲ್ಲಿ ಅಳುವಂತೆ ಹೇಳಿದ.

ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತದೆ, ಇವನದು ಹೋಗುತ್ತದೆ. ನಿಜ ಹೇಳುತ್ತೇನೆ, ಒಂದೆರಡು ನಿಮಿಷ ಸುಮ್ಮನೇ ಇದ್ದೆ. ಆಮೇಲೆ ಸುಜಾತ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿದಳು. ಬಾಯಿ ತಾನಾಗಿ ತೆರೆದುಕೊಂಡಿತು.

"ಮಾವ, ಅವು ರೋಡಲ್ಲಿ ಚುಚ್ಚಿಕೊಂಡ ಮೊಳೆ ಅಲ್ಲ. ಟೈರಿನ ಜೊತೆಗೇ ಬಂದಿರೋವು."

"ಜೊತೆಗೇ? ಯಾರು ಹೊಡೆದಿದ್ದು?"

"ಕಂಪನಿಯವರು."

"ಯಾಕೆ?"

"ಹಿಮದಲ್ಲಿ ಜಾರದೇ ಇರಲಿ ಅಂತ."

ವೆಂಕಟರಮಣಪ್ಪ ತಲೆಯೆತ್ತಿ ಆಕಾಶ ನೋಡಿದರು. ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ವೆಂಕಟೇಶಿ ಬಾಯಿ ತೊಳೆದುಕೊಂಡು ಬಂದು, ಕಾರಿಗೆ ಒಂದು ಸುತ್ತು ಹಾಕಿ, ಅತ್ಯಂತ ಗಂಭೀರವಾಗಿ ಹೇಳಿದ. "ಮೇಷ್ಟ್ರೇ, ಈಗ ಎಡಗಡೆ ಒಂದು ಥರ, ಬಲಗಡೆ ಒಂದು ಥರ. ಹಿಂಗೆ ಹೆದ್ದಾರಿಗೆ ಹೋದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕ ಎಳೀತದೆ. ಉಳಿದಿದ್ದು ಕೀಳೋಷ್ಟರಲ್ಲಿ ಹತ್ತು ಗಂಟೆ ಆಗ್ತದೆ. ಹೋಗ್ಬೇಡಿ."

ಮಾವ ಇಕ್ಕಳ ಕೆಳಗಿಟ್ಟರು. "ಟೈರು ಸರಿ ಇಲ್ದಿದ್ರೆ ಬರಲ್ಲ ಅಂತ ನಾನು ಮೊದಲೇ ಹೇಳಿದ್ದೆ," ಎಂದು ಒಳಗೆ ಹೋಗಿ ಮಂಚದ ಮೇಲೆ ಮಲಗಿ ಗೋಡೆಯ ಕಡೆ ತಿರುಗಿಕೊಂಡರು.

ಸುಜಾತಳ ಕಣ್ಣಲ್ಲಿ ನೀರು ಬಂತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಂಜುಂಡ ಉರುಳಿಸಿಕೊಂಡು ಬಂದ ಟೈರನ್ನು ಹಾಕಿಸಿದ್ದರೆ ಈ ಹೊತ್ತಿಗೆ ನಾವು ಮಾವನವರನ್ನು ಕೂರಿಸಿಕೊಂಡು ಹೊರಡುತ್ತಿದ್ದೆವು. ನನ್ನ ಅಧ್ಯಯನದಿಂದ ಒಬ್ಬರ ಕಣ್ಣು ಹೋಗುವುದರಲ್ಲಿತ್ತು. ನನಗೆ ಬಹಳ ನಾಚಿಕೆಯಾಯಿತು.

ಒಳಗೆ ಹೋಗಿ ಮಂಚದ ಪಕ್ಕ ಕುಳಿತೆ. "ಮಾವ, ತಪ್ಪು ನಂದು. ಕಾರು ಬೇಡ. ಬಸ್ಸಲ್ಲಿ ಹೋಗೋಣ. ಬರುವಾಗ ಬೇರೆ ಗಾಡಿ ಮಾಡ್ತೀನಿ."

ಅವರು ಗೋಡೆಗೆ ಹೇಳಿದರು. "ಬಸ್ಸಿನ ಟೈರು ಹೆಂಗೈತೋ."

"ನೀವೇ ಮುಟ್ಟಿ ನೋಡಿ. ಚೆನ್ನಾಗಿಲ್ದಿದ್ರೆ ಹತ್ತೋದು ಬೇಡ."

ಅವರು ನಿಧಾನವಾಗಿ ನನ್ನ ಕಡೆ ಹೊರಳಿದರು. ಆಮೇಲೆ ಮೆಲ್ಲಗೆ ಕೇಳಿದರು. "ನೋವಾಗಲ್ಲ ತಾನೇ?"

ಎರಡು ವರ್ಷದ ಹಬ್ಬ, ಮಾವಿನಕಾಯಿ, ಹಸು, ಟೈರು ಎಲ್ಲದರ ಅರ್ಥ ಆಗ ನನಗಾಯಿತು. ಘಾಟಿ ರಸ್ತೆಯಲ್ಲಿ ಅರವತ್ತು ಜನರನ್ನು ಹಗಲೂ ರಾತ್ರಿ ಹೊತ್ತು ತಿರುಗಿದ ಮನುಷ್ಯ ಸೂಜಿಗೆ ಹೆದರುತ್ತಿದ್ದರು! "ಆಗಲ್ಲ ಮಾವ, ನಾನು ಪಕ್ಕದಲ್ಲೇ ಇರ್ತೀನಿ," ಎಂದೆ. ನಾನು ಪಕ್ಕದಲ್ಲಿರುವುದು ಧೈರ್ಯದ ವಿಷಯವೋ ಅಲ್ಲವೋ ಎಂದು ಅವರು ಒಂದು ಕ್ಷಣ ಯೋಚಿಸಿದಂತೆ ಕಂಡಿತು. ಆದರೂ ಎದ್ದರು.

ಬಸ್ ಸ್ಟ್ಯಾಂಡಿನಲ್ಲಿ ಹೊರಡಲು ಸಿದ್ಧವಾಗಿದ್ದ ಕೋಲಾರದ ಬಸ್ಸಿನ ಆರೂ ಟೈರನ್ನು ಮಾವ ತಡವಿ ನೋಡಿದರು. ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಡ್ರೈವರ್ ಇಳಿದು ಬಂದವನು ಗುರುತು ಹಿಡಿದು, "ಏನ್ ಕೃಷ್ಣಪ್ಪಣ್ಣಾ, ರಿಟೈರ್ ಆದ್ಮೇಲೂ ಚೆಕಿಂಗಾ?" ಎಂದು ನಕ್ಕ. ಮಾವ ಹಿಂದಿನ ಎಡಗಡೆ ಒಳ ಟೈರಿಗೆ ಗಾಳಿ ಸ್ವಲ್ಪ ಕಮ್ಮಿ ಇದೆ, ಕೋಲಾರದಲ್ಲಿ ಹಿಡಿಸು ಎಂದು ಹೇಳಿ ಹತ್ತಿ ಕುಳಿತರು. ದಾರಿಯುದ್ದಕ್ಕೂ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಒಂಬತ್ತೂ ಹತ್ತಕ್ಕೆ ಆಸ್ಪತ್ರೆ ತಲುಪಿದೆವು. ಹನ್ನೊಂದಕ್ಕೆ ಎಲ್ಲಾ ಮುಗಿದಿತ್ತು. ಮಾವ ಹೊರಗೆ ಬಂದು, "ಇಷ್ಟೇನಾ!" ಎಂದರು. ಸುಜಾತ ಅಲ್ಲೇ ಅತ್ತು, ಅಲ್ಲೇ ನಕ್ಕಳು.

ಆ ರಾತ್ರಿ ಕೋಲಾರದ ನಮ್ಮ ಮನೆಯಲ್ಲೇ ಉಳಿದ ಮಾವನನ್ನು ಮಾರನೆಯ ಬೆಳಿಗ್ಗೆ ಪಟ್ಟಿ ಬಿಚ್ಚಿಸಲು ನಾನೇ ಕರೆದುಕೊಂಡು ಹೋದೆ. ಆಟೋದಲ್ಲಿ! ಡಾಕ್ಟರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮಾವ ದೊಡ್ಡವನ್ನೂ ಓದಿದರು, ಚಿಕ್ಕವನ್ನೂ ಓದಿದರು, ಮೂಲೆಯಲ್ಲಿದ್ದ ಕ್ಯಾಲೆಂಡರನ್ನೂ ಯಾರೂ ಕೇಳದೆಯೇ ಓದಿದರು. ಡಾಕ್ಟರು ಖುಷಿಯಾಗಿ, ಮುಗೀತು, ಇನ್ನು ಹೊರಡಬಹುದು ಎಂದರು.

ಮಾವ ಏಳಲಿಲ್ಲ. "ಡಾಕ್ಟ್ರೇ, ಹಂಗೇ ನಮ್ಮ ಅಳಿಯಂದ್ರ ಕಣ್ಣೂ ಒಂದ್ಸಲ ನೋಡಿಬಿಡಿ," ಎಂದರು.

ಬೇಡ ಎನ್ನುವಷ್ಟರಲ್ಲಿ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಇಡಿಸಿ, ಎರಡೂ ಕಣ್ಣಿಗೆ ಬೆಳಕು ಬಿಟ್ಟು ಪರೀಕ್ಷಿಸಿದರು. ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೂ ಓದಿದೆ.

"ಇವರ ಕಣ್ಣಿಗೆ ಏನೂ ತೊಂದರೆ ಇಲ್ಲವಲ್ಲ," ಎಂದರು ಡಾಕ್ಟರು. "ತುಂಬಾ ಚೆನ್ನಾಗಿದೆ."

ಮಾವ ನಿಟ್ಟುಸಿರು ಬಿಟ್ಟು ಎದ್ದು ನಿಂತರು.

"ಹಂಗಾದ್ರೆ ಬೇರೆ ಡಾಕ್ಟ್ರಿಗೇ ತೋರಿಸ್ಬೇಕು ಬಿಡಿ!"